ಎಡಗೈ ಷಡಕ್ಷರಿ

ಮೆಣಸು ಒಣಗುವ ಕಾಲದಲ್ಲಿ ಪ್ರಸನ್ನಕುಮಾರ ಅಂಗಳ ಬಿಟ್ಟು ಕದಲುವವನಲ್ಲ. ಟಾರ್ಪಾಲಿನ ಮೇಲೆ ಹರಡಿದ ಕಾಳನ್ನು ಪಾದದಲ್ಲೇ ಸಾಲುಸಾಲಾಗಿ ಎಳೆಯುವುದು, ಮೋಡ ಕಂಡರೆ ಬೈಯುವುದು, ಆಚೆಮನೆ ಕೋಳಿ ಬಂದರೆ ಅಟ್ಟುವುದು, ಇಷ್ಟೇ ಕೆಲಸ. ಮಾತು ಕಮ್ಮಿ, ಕೇಳುವುದು ಜಾಸ್ತಿ. ಆ ಭಾನುವಾರವೂ ಕೇಳುತ್ತಲೇ ಇದ್ದ.

ಜಗಲಿಯ ಮೇಲೆ ಜಗಳ ನಡೆದಿತ್ತು. ಒಂದು ಕಡೆ ಮೊಮ್ಮಗಳು ಧನ್ಯಾ. ಮೂಡಿಗೆರೆ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸು, ಬ್ಯಾಸ್ಕೆಟ್‌ಬಾಲ್ ಟೀಮಿನಲ್ಲಿದ್ದಾಳೆ. ಇನ್ನೊಂದು ಕಡೆ ಅದೇ ಸ್ಕೂಲಿನ ಪಿ.ಟಿ. ಮಾಸ್ಟ್ರು ಅಭಿಷೇಕ್. ತಮ್ಮ ಅಮ್ಮನಿಗೆ ಮನೆಮೆಣಸು ಬೇಕು ಅಂತ ಬಂದವರು ಕಾಫಿ ಲೋಟ ಹಿಡಿದು ಅಲ್ಲೇ ಬೇರು ಬಿಟ್ಟಿದ್ದರು. ಇಬ್ಬರ ಕೈಯಲ್ಲೂ ಮೊಬೈಲು, ಜಗಳ ಅಮೆರಿಕದ ಇಬ್ಬರು ಬ್ಯಾಸ್ಕೆಟ್‌ಬಾಲ್ ಆಟಗಾರರಲ್ಲಿ ಯಾರು ದೊಡ್ಡವರು ಅಂತ.

“ಸರ್, ಜೋರ್ಡನ್ ಒಂದು ಮ್ಯಾಚಿಗೆ ಮೂವತ್ತು ಪಾಯಿಂಟ್ ಆವರೇಜು. ಆರು ಸಲ ಚಾಂಪಿಯನ್. ಇನ್ನೇನು ಬೇಕು ನಿಮಗೆ?”

“ಲೆಬ್ರಾನ್ ನಲವತ್ತು ಸಾವಿರ ದಾಟಿದಾನೆ ಕಣಮ್ಮ. ನಲವತ್ತು ಸಾವಿರ! ಅದರ ಹತ್ರಕ್ಕೆ ಯಾರಿದಾರೆ ಹೇಳು?”

“ಅಷ್ಟು ವರ್ಷ ಆಡಿದ್ರೆ ನಮ್ಮಜ್ಜಿನೂ ದಾಟ್ತಾರೆ.”

“ನನ್ನ ಯಾಕೆ ಎಳೀತೀಯೆ ಅದಕ್ಕೆ?” ಒಳಗಿನಿಂದ ಸಿದ್ದಗಂಗಮ್ಮನ ದನಿ ಬಂತು. ಅವಳು ಪ್ರಸನ್ನನ ಹೆಂಡತಿ. ಮಾತಿನಲ್ಲಿ ಗಂಡನ ಪಾಲನ್ನೂ ಅವಳೇ ಆಡುವವಳು.

ಧನ್ಯಾ ಅಂಗಳಕ್ಕೆ ಕೂಗಿದಳು. “ಅಜ್ಜ, ನೀವು ಹೇಳಿ. ಯಾರು ದೊಡ್ಡೋರು?”

ಪ್ರಸನ್ನ ಕಾಳು ಎಳೆಯುವುದು ನಿಲ್ಲಿಸಿದ. “ಒಂದು ಗಿಡ ನಾಲ್ಕು ವರ್ಷ ರೆಂಬೆ ಮುರಿಯೋ ಹಂಗೆ ಹಣ್ಣು ಬಿಡ್ತದೆ. ಇನ್ನೊಂದು ತಣ್ಣಗೆ ವರ್ಷಾ ವರ್ಷ ಬಿಡ್ತಾ ಹೋಗ್ತದೆ. ಯಾವ್ದು ದೊಡ್ಡದು ಅಂದ್ರೆ ಏನು ಹೇಳೋದು ಮಗಾ?” ಆಮೇಲೆ ಸ್ವಲ್ಪ ತಡೆದು ಕೇಳಿದ. “ಅವರಿಗೆ ಚೆಂಡು ಕೊಟ್ಟೋರು ಇರ್ತಾರಲ್ಲ, ಅವರದ್ದೂ ಬರೀತಾರಾ?”

“ಬರೀತಾರೆ. ಅಸಿಸ್ಟ್ ಅಂತಾರೆ. ಅಲ್ಲಿ ಎಲ್ಲಾನೂ ಬರೀತಾರೆ ಅಜ್ಜ.”

“ಅದಕ್ಕೇ ನಾನು ಹೇಳೋದು,” ಅಂದರು ಮಾಸ್ಟ್ರು. “ಬಾಯಿ ಸುಳ್ಳು ಹೇಳ್ತದೆ, ನೆನಪು ಸುಳ್ಳು ಹೇಳ್ತದೆ, ಅಂಕಿ ಹೇಳಲ್ಲ. ಈಗ ನೋಡಿ, ನಮ್ಮೂರಿಂದೇ ಒಂದು ಲೆಕ್ಕ ಹಾಕಿದೀನಿ.” ಅಂತ ಮೊಬೈಲು ತೀಡಿದರು.

ಹಸಿರುಗುಡ್ಡ ಎಸ್ಟೇಟಿನಲ್ಲಿ ಹಿಂದೆ ಬೇಸಗೆಯಲ್ಲಿ ಎಸ್ಟೇಟ್ ಕಪ್ ಅಂತ ಆಟ ನಡೆಯುತ್ತಿತ್ತು. ಅದರ ಸ್ಕೋರು ಪುಸ್ತಕಗಳು ಈಗ ಸಿಕ್ಕಿದ್ದವು. ಮಾಸ್ಟ್ರು ಅದನ್ನೆಲ್ಲ ಕೂಡಿಸಿ, ಭಾಗಿಸಿ, ಮೂಡಿಗೆರೆ ಸೀಮೆಯ ಸಾರ್ವಕಾಲಿಕ ಶ್ರೇಷ್ಠ ಆಟಗಾರ ಯಾರು ಅಂತ ತೆಗೆದಿದ್ದರು. ಸ್ಕೂಲಿನ ಹೊಸ ಕೋರ್ಟಿಗೆ ಆ ಆಟಗಾರನ ಹೆಸರಿನ ಬೋರ್ಡು ಹಾಕುವುದಿತ್ತು.

“ಯಾರು ಗೊತ್ತಾ? ನಿಮ್ಮ ಅಣ್ಣಾರು! ಷಡಕ್ಷರಿಯವರು! ಪಟ್ಟೀಲಿ ಎರಡನೇ ಹೆಸರಿಗೂ ಅವರಿಗೂ ಆಕಾಶ ಭೂಮಿ. ಒಬ್ಬನೇ ಮನುಷ್ಯ ಇಷ್ಟು ಹೊಡೆದಿದಾರಾ ಅಂತ ನಂಗೇ ನಂಬೋಕಾಗ್ಲಿಲ್ಲ.”

ಧನ್ಯಾ ಹತ್ತಿರ ಸರಿದಳು. “ಸರ್, ನಮ್ಮಜ್ಜಂದು ಎಷ್ಟು? ಅಜ್ಜನೂ ಅದೇ ಟೀಮು.”

ಮಾಸ್ಟ್ರು ಮೊಬೈಲಿನ ಮೇಲೆ ಬೆರಳು ಆಡಿಸಿದರು, ಇನ್ನೊಂದು ಸಲ ಆಡಿಸಿದರು. “ಟೀಮಿನ ಪಟ್ಟೀಲಿ ಹೆಸರಿದೆ ಕಣಮ್ಮ. ಪಾಯಿಂಟ್ ಮಾತ್ರ... ಸೊನ್ನೆ ಇದೆ.”

“ಒಂದೂ ಇಲ್ವಾ?”

“ಒಂದೂ ಇಲ್ಲ.”

ಧನ್ಯಾ ಅಜ್ಜನ ಮುಖ ನೋಡಿದಳು. ಚೆಂಡು ಹಿಡಿಯುವುದನ್ನು ಅವಳಿಗೆ ಕಲಿಸಿದ್ದು ಇದೇ ಅಂಗಳದಲ್ಲಿ ಅವನೇ. ‘ನಮ್ಮಜ್ಜ ದೊಡ್ಡ ಪ್ಲೇಯರು’ ಅಂತ ಟೀಮಿನ ಹುಡುಗಿಯರ ಹತ್ತಿರ ಹೇಳಿಕೊಂಡು ತಿರುಗಿದವಳು ಅವಳು. ಅಜ್ಜ ಏನಾದರೂ ಹೇಳಲಿ ಅಂತ ಕಾದಳು. ಅಜ್ಜ ಬಗ್ಗಿ ಕಾಳಿನಲ್ಲಿ ಸಿಕ್ಕಿದ ಒಂದು ಕಡ್ಡಿ ಹೆಕ್ಕಿ ಎಸೆದ.

ಹೇಳುವುದಕ್ಕೆ ಬೇಕಾದಷ್ಟಿತ್ತು.

ಅಪ್ಪ ತೀರಿಕೊಂಡಾಗ ಷಡಕ್ಷರಿಗೆ ಮೀಸೆ ಸರಿಯಾಗಿ ಬಂದಿರಲಿಲ್ಲ, ಆದರೂ ಮನೆಯ ಯಜಮಾನ ಅವನೇ ಆದ. ಎಸ್ಟೇಟಿಗೆ ಒತ್ತಿಕೊಂಡಂತೆ ಇದ್ದದ್ದು ಅವರ ಚೂರು ತೋಟ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಸ್ವಂತದ್ದಿಲ್ಲ. ಸುತ್ತಲಿನ ಸಣ್ಣ ಬೆಳೆಗಾರರೆಲ್ಲ ಸಂಜೆ ಹಣ್ಣಿನ ಚೀಲ ಹೊತ್ತು ಎಸ್ಟೇಟಿನ ಪಲ್ಪರ್ ಮನೆಗೆ ಹೋಗಬೇಕು. ಅಲ್ಲಿ ತಕ್ಕಡಿ ಪಕ್ಕ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಜವರಯ್ಯ ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ಕೂತಿರುತ್ತಿದ್ದ. ಚೀಲ ಯಾರು ಹೊತ್ತು ತಂದರೂ ಅವನಿಗೆ ಕೆಲಸವಿಲ್ಲ. ಹೆಂಡತಿ ತರಲಿ, ತಮ್ಮ ತರಲಿ, ಮಗ ತರಲಿ, ಬರೆಯುವುದು ಮನೆ ಯಜಮಾನನ ಹೆಸರು. ಒಂದು ಮನೆಗೆ ಒಂದು ಹೆಸರು. ಅದೇ ಪದ್ಧತಿ, ಅದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ. ಚೀಲ ಹೊರುತ್ತಿದ್ದವನು ಪ್ರಸನ್ನ. ಜವರಯ್ಯ ತಲೆ ಎತ್ತದೆ ಬರೆಯುತ್ತಿದ್ದದ್ದು ‘ಷಡಕ್ಷರಿ’.

ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ, ಮಳೆ ಹಿಡಿಯುವವರೆಗೆ, ಅದೇ ಕಾಫಿ ಒಣಗಿಸುವ ಕಣ ಆಟದ ಕೋರ್ಟು. ಆಗಿದ್ದ ಮ್ಯಾನೇಜರಿಗೆ ಬ್ಯಾಸ್ಕೆಟ್‌ಬಾಲ್ ಹುಚ್ಚು. ಕಣದ ಎರಡು ತುದಿಗೆ ಸಿಲ್ವರ್ ಓಕ್ ಮರದ ಕಂಬ ನೆಡಿಸಿ ರಿಂಗು ಹಾಕಿಸಿದ್ದ. ಕಣಕ್ಕೆ ಚಪ್ಪಲಿ ಹಾಕಿಕೊಂಡು ಇಳಿಯುವ ಹಾಗಿಲ್ಲ, ಕಾಫಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಹಾಗಾಗಿ ಎಲ್ಲರದ್ದೂ ಬರಿಗಾಲು. ಬಿಸಿಲಿಗೆ ಕಾದ ಗಾರೆಯ ಮೇಲೆ ನಿಲ್ಲಲಾಗದೆ ಓಡುತ್ತಿದ್ದರು, ಓಡುತ್ತ ಆಡುತ್ತಿದ್ದರು. ಬನಿಯನ್ನಿಗೆ ನಂಬರು ಗಿಂಬರು ಏನೂ ಇಲ್ಲ. ಸ್ಕೋರು ಬರೆಯುವುದಕ್ಕೆ ಎಸ್ಟೇಟಿನಲ್ಲಿ ಬರೆಯುವ ಮನುಷ್ಯ ಇನ್ಯಾರಿದ್ದಾರೆ? ಜವರಯ್ಯನೇ.

ಷಡಕ್ಷರಿ ಚೆಂಡು ಕೊಡುವುದರಲ್ಲಿ ಗಟ್ಟಿಗ. ಅದನ್ನು ಪ್ರಸನ್ನ ಇವತ್ತಿಗೂ ಒಪ್ಪುತ್ತಾನೆ. ನಾಲ್ಕು ಜನ ಮುತ್ತಿದರೂ ತಲೆ ಆ ಕಡೆ ತಿರುಗಿಸಿ ಚೆಂಡು ಈ ಕಡೆ ಬಿಡುತ್ತಿದ್ದ. ನೆಲಕ್ಕೆ ಒಂದು ಸಲ ಪುಟಿದು ಅದು ನೇರ ಪ್ರಸನ್ನನ ಎಡಗೈಗೆ ಬಂದು ಕೂರುತ್ತಿತ್ತು. ಪ್ರಸನ್ನ ಹುಟ್ಟಾ ಎಡಚ. ಅನ್ನ ಉಣ್ಣುವಾಗ ಅವ್ವ ಆ ಕೈಗೆ ಹೊಡೆದೂ ಹೊಡೆದೂ ಬಲಗೈ ಕಲಿಸಿದ್ದಳು. ಆದರೆ ರಿಂಗಿನ ಕೆಳಗೆ ಹೊಡೆಯುವುದಕ್ಕೆ ಅವ್ವ ಇರಲಿಲ್ಲ. ಅಣ್ಣ ಕೊಡುವುದು, ತಮ್ಮ ಹಾಕುವುದು. ಬುಟ್ಟಿಗೆ ಚೆಂಡು ಬಿದ್ದಾಗ ಜವರಯ್ಯ ಕೇಳುತ್ತಿದ್ದ, “ಯಾರ ಮನೇದಪ್ಪಾ ಅದು?” ಪಕ್ಕದವರು ಹೇಳುತ್ತಿದ್ದರು, “ಷಡಕ್ಷರಿ ಮನೇದು.” ಅವನು ಬರೆಯುತ್ತಿದ್ದ.

ಪ್ರಸನ್ನನಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಹಣ್ಣಿನ ತೂಕಕ್ಕೆ ಇಲ್ಲದ ತಕರಾರು ಆಟದ ಪಾಯಿಂಟಿಗೆ ಯಾಕೆ ಅಂತ ಸುಮ್ಮನಿದ್ದ. ಮುಂದೊಂದು ದಿನ ಸ್ಕೂಲಿನ ಮಾಸ್ಟ್ರೊಬ್ಬರು ಅದನ್ನು ಕೂಡಿಸಿ ಭಾಗಿಸುತ್ತಾರೆ ಅಂತ ಯಾರಿಗೆ ಕನಸು ಬಿದ್ದಿತ್ತು?

ಮರುದಿನ ಧನ್ಯಾ ಸ್ಕೂಲಿನಿಂದ ಬಂದವಳು ಚೀಲ ಮೂಲೆಗೆ ಎಸೆದಳು. ಟೀಮಿನ ಹುಡುಗಿಯರು ‘ಸೊನ್ನೆ ಅಜ್ಜ’ ಅಂತ ಹೆಸರಿಟ್ಟಿದ್ದರು. ಗಗನಾ ಅನ್ನುವ ಹುಡುಗಿ ಬೆರಳಿನಲ್ಲಿ ಸೊನ್ನೆ ಮಾಡಿ ಅದರೊಳಗಿಂದ ಇವಳನ್ನು ನೋಡಿದಳಂತೆ.

“ಅಜ್ಜ, ನಿಜ ಹೇಳಿ. ನೀವು ಆಡ್ತಿದ್ರಾ, ಇಲ್ಲ ನೀರಿನ ಕೊಡ ಹಿಡ್ಕೊಂಡು ಕೂರ್ತಿದ್ರಾ?”

ಪ್ರಸನ್ನ ಜವರಯ್ಯನ ಪದ್ಧತಿ ಹೇಳಿದ. ಅವಳು ಪೂರ್ತಿ ಕೇಳಿದಳು. ಕೇಳಿ, ಮೆಲ್ಲಗೆ, ನೋಯಿಸಬಾರದು ಅನ್ನುವ ದನಿಯಲ್ಲಿ, “ಅಜ್ಜ, ಸೋತೋರೆಲ್ಲ ಹಿಂಗೇ ಏನಾದ್ರೂ ಹೇಳ್ತಾರೆ ಅಂತಾರೆ ಸರ್. ದೊಡ್ಡಜ್ಜನೇ ಹೇಳಿದ್ರೆ ನಂಬಬಹುದು,” ಅಂದಳು.

ಮಗು ನಂಬಲಿಲ್ಲ. ಆ ಮೆಲುದನಿಯೇ ಅವನನ್ನು ಕೊಂದಿದ್ದು.

ಆವತ್ತು ಸಂಜೆ ಸಿದ್ದಗಂಗಮ್ಮ ಒಲೆ ಮುಂದೆ ಕೂತು ಹೇಳಿದಳು. “ಹೋಗಿ ನಿಮ್ಮಣ್ಣನ್ನ ಕೇಳ್ರೀ. ಬಾಯಿ ಬಿಟ್ಟು ಕೇಳಿ ಒಂದ್ಸಲ. ಪಾಲಾಗೋವಾಗ ಜಮೀನು ಕೇಳ್ಲಿಲ್ಲ, ರಸ್ತೆ ಬದಿ ಜಾಗ ಕೇಳ್ಲಿಲ್ಲ. ಒಂದು ಮಾತು ಕೇಳೋಕೆ ಏನು ನಿಮಗೆ?”

ಮಗ ಕಳಸದ ಲೈನಿನಲ್ಲಿ ಜೀಪು ಓಡಿಸುತ್ತಾನೆ. ಬೆಳಿಗ್ಗೆ ಅವನ ಜೀಪಿನಲ್ಲೇ ಪ್ರಸನ್ನ ಮೂಡಿಗೆರೆಗೆ ಹೋಗಿ ಇಳಿದ. ಬಸ್‌ಸ್ಟ್ಯಾಂಡಿನ ಹಿಂದೆ ಷಡಕ್ಷರಿಯ ಅಂಗಡಿ. ಕಾಫಿ, ಮೆಣಸು, ಏಲಕ್ಕಿ ಕೊಳ್ಳುತ್ತಾನೆ. ಈಗ ಅಂಗಡಿ ಮಗನದ್ದು, ಇವನು ಗಲ್ಲಾ ಪಕ್ಕ ಕುರ್ಚಿ ಹಾಕಿಕೊಂಡು ಬಂದವರ ಜತೆ ಮಾತಾಡುತ್ತಾನೆ.

“ಏನೋ ಮಾರಾಯ, ದಾರಿ ತಪ್ಪಿ ಬಂದ್ಯಾ?”

“ಬೋರ್ಡಿನ ವಿಷಯ ಕೇಳ್ದೆ ಅಣ್ಣ. ಸಂತೋಷ ಆಯ್ತು.”

“ನಾನೇನು ಕೇಳಿದ್ನಾ? ಅವರೇ ಲೆಕ್ಕ ಹಾಕಿ ಮನೆ ಬಾಗಿಲಿಗೆ ಬಂದ್ರು. ಕಾಫಿ ಕುಡೀತೀಯಾ?”

ಚಿಕ್ಕವರಿದ್ದಾಗ ಪ್ರಸನ್ನ ಅಣ್ಣನನ್ನು ‘ನೀನು’ ಅಂತಲೇ ಕರೆಯುತ್ತಿದ್ದ. ಪಾಲಾದ ಮೇಲೆ ಅದು ತಾನಾಗಿ ‘ನೀವು’ ಆಯಿತು. ಮರ್ಯಾದೆ ಹೆಚ್ಚಿದ್ದಕ್ಕಲ್ಲ.

“ಬೋರ್ಡು ನಿಮ್ಮ ಹೆಸರಲ್ಲೇ ಇರ್ಲಿ ಅಣ್ಣ. ನಂಗೆ ಅದರ ಆಸೆ ಇಲ್ಲ. ಮೈಕಿನಲ್ಲಿ ಒಂದು ಮಾತು ಹೇಳಿ ಸಾಕು. ನಾನು ಕೊಡ್ತಿದ್ದೆ, ನನ್ನ ತಮ್ಮ ಹಾಕ್ತಿದ್ದ ಅಂತ. ಮಗು ಅಲ್ಲೇ ಇರ್ತದೆ. ಅದರ ಕಿವಿಗೆ ಬಿದ್ರೆ ಸಾಕು.”

ಷಡಕ್ಷರಿ ಲೋಟದ ಕಾಫಿಯನ್ನು ಅಲ್ಲಾಡಿಸಿದ. “ಆವಾಗ ಮನೆ ಒಂದೇ ಇತ್ತಲ್ಲೋ ಪ್ರಸನ್ನ. ಒಂದೇ ಒಲೆ, ಒಂದೇ ಅನ್ನ. ಯಾರು ಹೊಡೆದ್ರು, ಯಾರ ಹೆಸರಲ್ಲಿ ಬರೆದ್ರು ಅಂತ ನೋಡೋಕಾಗ್ತದಾ?”

ಪ್ರಸನ್ನ ಕಾಫಿ ಕುಡಿದ. ಪಾಲಾದ ದಿನ ಮನೆ ಎರಡಾಯಿತು. ಒಲೆ ಎರಡಾಯಿತು. ಒರಳು ಒಬ್ಬರಿಗೆ, ಒನಕೆ ಒಬ್ಬರಿಗೆ ಹೋಯಿತು. ಅವ್ವ ಕೂಡ ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಪಾಲಾದಳು. ಪಾಯಿಂಟು ಮಾತ್ರ ಪಾಲಾಗಲಿಲ್ಲ. ಇದನ್ನು ಬಾಯಿ ಬಿಟ್ಟು ಹೇಳಬಹುದಿತ್ತು. ಅಂಗಡಿಯಲ್ಲಿ ಜನ ಇದ್ದರು, ಹೇಳಲಿಲ್ಲ.

“ಆಯ್ತು ಬಿಡು, ನಿನ್ನ ವಿಷಯ ಹೇಳ್ತೀನಿ,” ಅಂದ ಷಡಕ್ಷರಿ ಕೊನೆಗೆ. “ಅದೇನು ದೊಡ್ಡ ಮಾತು.”

ಬೋರ್ಡು ತೆರೆಯುವ ದಿನ ಪ್ರಸನ್ನ ಮೆಣಸನ್ನು ಆಚೆಮನೆಯವರ ಕಣ್ಣಿಗೆ ಒಪ್ಪಿಸಿ, ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಹೊರಟ. ಧನ್ಯಾಗೆ ಹೇಳಿದ್ದ, “ನಿನ್ನ ದೊಡ್ಡಜ್ಜ ಇವತ್ತು ಹೇಳ್ತಾನೆ, ಕೇಳಿಸ್ಕೋ.” ಅವಳು ಹೂಂ ಅಂದಿದ್ದಳು. ಟೀಮಿನ ಹುಡುಗಿಯರಿಗೂ ಹೇಳಿ ಮುಂದಿನ ಸಾಲಿನಲ್ಲೇ ಅವರನ್ನು ಕೂರಿಸಿಕೊಂಡಿದ್ದಳು.

ಹೊಸ ಕೋರ್ಟು ಹಸಿರು ಬಣ್ಣ ಬಳಿದುಕೊಂಡು ಹೊಳೆಯುತ್ತಿತ್ತು. ಬೂಟು ಹಾಕಿಕೊಂಡೇ ಎಲ್ಲರೂ ಓಡಾಡುತ್ತಿದ್ದರು. ಪ್ರಸನ್ನನಿಗೆ ಮಾತ್ರ ಗೆರೆಯ ಹತ್ತಿರ ಬಂದ ಕೂಡಲೇ ಚಪ್ಪಲಿ ಬಿಡಬೇಕು ಅನ್ನಿಸಿ, ಬಿಟ್ಟ. ಬರಿಗಾಲಲ್ಲಿ ಬದಿಯ ಬೆಂಚಿಗೆ ಹೋಗಿ ಕೂತ. ಪಕ್ಕ ಸಿದ್ದಗಂಗಮ್ಮ.

ಬೋರ್ಡಿನ ಬಟ್ಟೆ ಸರಿಸಿದರು. ಅದರ ಮೇಲೆ ದೊಡ್ಡದಾಗಿ ಬರೆದಿತ್ತು: ‘ಸಾರ್ವಕಾಲಿಕ ಶ್ರೇಷ್ಠ ಆಟಗಾರ ಎಡಗೈ ಷಡಕ್ಷರಿ.’

ಸಿದ್ದಗಂಗಮ್ಮ ಗಂಡನ ತೊಡೆ ತಿವಿದಳು. “ಏನ್ರೀ ಅದು ಎಡಗೈ?”

ಆದದ್ದು ಇಷ್ಟೇ. ಅಭಿಷೇಕ್ ಮಾಸ್ಟ್ರು ಹಳೇ ಕಾಲದವರನ್ನೆಲ್ಲ ಕೇಳಿದ್ದರು. ಹೆಸರು ಯಾರಿಗೂ ಸರಿಯಾಗಿ ನೆನಪಿರಲಿಲ್ಲ, ಆದರೆ ‘ಎಡಗೈಯಲ್ಲಿ ಹೊಡೀತಿದ್ದ ಒಬ್ಬ, ಅವನಂಥೋನು ಹುಟ್ಟಲ್ಲ ಬಿಡಿ’ ಅಂತ ಮಾತ್ರ ಎಲ್ಲರೂ ಹೇಳಿದ್ದರು. ಪುಸ್ತಕದಲ್ಲಿ ಹೆಸರಿತ್ತು, ಜನರ ನೆನಪಿನಲ್ಲಿ ಕೈ ಇತ್ತು. ಮಾಸ್ಟ್ರು ಎರಡನ್ನೂ ಜೋಡಿಸಿದರು. ಷಡಕ್ಷರಿಯನ್ನು ಕೇಳಿಯೇ ಬರೆಸಿದರಂತೆ. ಅವನು ಬೇಡ ಅನ್ನಲಿಲ್ಲವಂತೆ.

“ಗೆದ್ದಲು ಕಟ್ಟಿದ ಹುತ್ತ ಹಾವಿಗೆ,” ಅಂದಳು ಸಿದ್ದಗಂಗಮ್ಮ, ನಾಲ್ಕು ಜನಕ್ಕೆ ಕೇಳುವ ಹಾಗೆ.

“ಸುಮ್ನಿರೇ. ಇನ್ನೂ ಮಾತಾಡಿಲ್ಲ ಅವನು.”

ಷಡಕ್ಷರಿ ಮೈಕು ಹಿಡಿದ. ಶಾಲು, ಹಾರ, ಪೇಟ. ದನಿ ಇನ್ನೂ ಗಟ್ಟಿ. “ಎಡಗೈ ಎಡಗೈ ಅಂತೀರಿ. ಅದು ನಾನು ಕಲಿತದ್ದಲ್ಲ. ಶಿವ ಕೊಟ್ಟದ್ದು,” ಅಂದ. ಚಪ್ಪಾಳೆ ಬಿತ್ತು. ಕಣದ ಬಿಸಿ ಹೇಳಿದ, ಬರಿಗಾಲು ಹೇಳಿದ, ಮ್ಯಾನೇಜರು ಬೆನ್ನು ತಟ್ಟಿದ್ದು ಹೇಳಿದ. ಎಲ್ಲ ನಿಜವೇ. ಬೆನ್ನು ಮಾತ್ರ ಬೇರೆಯವನದ್ದು. ಆ ಮಾತಿನಲ್ಲಿ ಒಂದು ಕಡೆಯೂ ಅವನು ಚೆಂಡು ಕೊಟ್ಟದ್ದು ಬರಲಿಲ್ಲ. ತಮ್ಮನ ಆಟ ತೆಗೆದುಕೊಂಡದ್ದು ಇರಲಿ, ಅಷ್ಟು ಚೆಂದದ ತನ್ನ ಆಟವನ್ನೇ ಈ ಮನುಷ್ಯ ಮಣ್ಣು ಮಾಡಿದನಲ್ಲ ಅಂತ ಪ್ರಸನ್ನನಿಗೆ ಅನ್ನಿಸಿತು. ಅದನ್ನು ಬಲ್ಲವರು ಲೋಕದಲ್ಲಿ ಇಬ್ಬರೇ. ಅವರಲ್ಲಿ ಒಬ್ಬ ಬಿಟ್ಟುಬಿಟ್ಟ.

ಎದುರು ಸಾಲಿನಲ್ಲಿ ಧನ್ಯಾ ಹುಬ್ಬು ಗಂಟಿಕ್ಕಿ ಬೋರ್ಡು ನೋಡುತ್ತಿದ್ದಳು. ಅವಳೂ ಎಡಚಿ. ಮನೆಯಲ್ಲಿ ಎಡಚರು ಯಾರು ಅಂತ ಅವಳಿಗೆ ಗೊತ್ತು.

“ಒಂದು ಶಾಟು ಹೊಡೀಬೇಕು ಸರ್!” ಮಕ್ಕಳೆಲ್ಲ ಕೂಗಿದರು. “ಎಡಗೈ! ಎಡಗೈ!”

ಷಡಕ್ಷರಿ ನಗುತ್ತ ಕೋರ್ಟಿಗೆ ಇಳಿದ. ಚೆಂಡನ್ನು ಎಡ ಅಂಗೈ ಮೇಲೆ ಕೂರಿಸಿಕೊಳ್ಳಲು ನೋಡಿದ. ಅದು ಜಾರಿತು. ಮತ್ತೆ ಕೂರಿಸಿ ಎಸೆದ. ಚೆಂಡು ರಿಂಗಿನ ಹತ್ತಿರಕ್ಕೂ ಹೋಗದೆ, ಕಂಬದ ಬುಡಕ್ಕೆ ತಾಗಿ ವಾಪಸು ಉರುಳಿ ಬಂತು. “ವಯಸ್ಸಾಯ್ತು ಮಾರಾಯ್ರೇ,” ಅಂದ. ಎಲ್ಲರೂ ನಕ್ಕರು, ಚಪ್ಪಾಳೆ ಹೊಡೆದರು.

ಅವನು ಬಗ್ಗಿ ಚೆಂಡು ಎತ್ತಿಕೊಂಡ. ಎರಡೂ ಕೈಯಲ್ಲಿ. ತಲೆ ಇನ್ನೂ ಜನರ ಕಡೆಗೇ ಇತ್ತು, ನಗು ಇನ್ನೂ ಮುಖದ ಮೇಲೇ ಇತ್ತು. ಆ ನಗುವಿನ ನಡುವೆಯೇ ಕೈ ತಿರುಗಿತು. ಚೆಂಡು ನೆಲಕ್ಕೆ ಒಂದು ಸಲ ಪುಟಿದು ಬೆಂಚಿನ ಎಡಗಡೆಗೆ ಬಂತು.

ಪ್ರಸನ್ನ ಎದ್ದದ್ದು ಅವನಿಗೇ ಗೊತ್ತಾಗಲಿಲ್ಲ. ಎಡ ಅಂಗೈಗೆ ಚೆಂಡು ಬಂದು ಕೂತಿತ್ತು.

ಒಂದು ಗಳಿಗೆ ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿದರು. ಷಡಕ್ಷರಿಯ ನಗು ಎಲ್ಲೋ ಹೋಗಿ ವಾಪಸು ಬಂತು.

“ಹೊಡೀರಿ ಯಜಮಾನ್ರೇ!” ಯಾರೋ ಕೂಗಿದರು. ಧನ್ಯಾ ಎದ್ದು ನಿಂತಿದ್ದಳು. “ಅಜ್ಜ, ಹೊಡೀರಿ!”

ಹೊಡೆಯಬೇಕು ಅಂತ ಪ್ರಸನ್ನ ಕೈ ಎತ್ತಿದ. ಮೆಣಸಿನ ಏಣಿಯಿಂದ ಬಿದ್ದ ವರ್ಷದಿಂದ ಅವನ ಎಡಭುಜ ಕಿವಿಯ ಮಟ್ಟಕ್ಕೆ ಏಳುವುದಿಲ್ಲ. ಅದು ಅವನಿಗೆ ಗೊತ್ತು, ಸಿದ್ದಗಂಗಮ್ಮನಿಗೆ ಗೊತ್ತು. ಆದರೂ ಇವತ್ತು ಒಂದು ಸಲ ಏಳಬಹುದೇನೋ ಅಂತ ಎತ್ತಿದ. ಕೈ ಎದೆಯವರೆಗೆ ಬಂತು, ಗದ್ದದವರೆಗೆ ಬಂತು, ಅಲ್ಲೇ ನಿಂತಿತು. ಬಲಗೈಯಲ್ಲಾದರೂ ಎಸೆದು ಮರ್ಯಾದೆ ಉಳಿಸಿಕೊಳ್ಳಬಹುದಿತ್ತು. ಅದು ಅವನ ಮನಸ್ಸಿಗೆ ಬರಲಿಲ್ಲ.

ಆಗ ಮೈಕಿನಲ್ಲಿ ಷಡಕ್ಷರಿಯ ದನಿ ಕೇಳಿತು. ಕೊಟ್ಟ ಮಾತು ಅವನು ಮರೆತಿರಲಿಲ್ಲ.

“ಇವನು ನನ್ನ ತಮ್ಮ, ಪ್ರಸನ್ನಕುಮಾರ. ಇವನಿಗೂ ಆಡೋ ಆಸೆ ತುಂಬ ಇತ್ತು, ಪಾಪ. ಒಂದು ಚಪ್ಪಾಳೆ ಕೊಡಿ ಇವನಿಗೂ.”

ಜನ ಚಪ್ಪಾಳೆ ಕೊಟ್ಟರು, ಧಾರಾಳವಾಗಿಯೇ ಕೊಟ್ಟರು. ಗಗನಾ ಅನ್ನುವ ಆ ಹುಡುಗಿಯೂ ಕೊಟ್ಟಳು. ಪ್ರಸನ್ನ ಚೆಂಡನ್ನು ನೆಲದ ಮೇಲಿಟ್ಟ, ಉರುಳದ ಹಾಗೆ ಪಾದದಲ್ಲಿ ಒಂದು ಗಳಿಗೆ ತಡೆದ, ಹೋಗಿ ಚಪ್ಪಲಿ ಮೆಟ್ಟಿಕೊಂಡ.

ವಾಪಸು ಬರುವಾಗ ಜೀಪು ಓಡಿಸಿದ್ದು ಮಗ. ಸಿದ್ದಗಂಗಮ್ಮ ಕೊಟ್ಟಿಗೆಹಾರದ ಕ್ರಾಸಿನವರೆಗೂ ಭಾವನ ವಂಶವನ್ನೆಲ್ಲ ಕರೆದು ಬೈದಳು. ಅದು ತನ್ನ ಗಂಡನದ್ದೂ ವಂಶವೇ ಅಂತ ನೆನಪಾದ ಮೇಲೆ ಸುಮ್ಮನಾದಳು. ಧನ್ಯಾ ಕಿಟಕಿಗೆ ಮುಖ ಮಾಡಿ ಕೂತಿದ್ದಳು. ಬಹಳ ದೂರ ಬಂದ ಮೇಲೆ ತಿರುಗಿದಳು.

“ಅಜ್ಜ, ನಾಳೆ ನಾನು ಸರ್‌ಗೆ ಹೇಳ್ತೀನಿ. ಬೋರ್ಡು ತಪ್ಪಿದೆ ಅಂತ.”

“ಏನಂತ ಹೇಳ್ತೀಯಾ? ಪುಸ್ತಕದಲ್ಲಿ ಇದೆಯಾ ಅಂತಾರೆ. ಬರೆದ ಜವರಯ್ಯ ಸತ್ತ. ಗೊತ್ತಿರೋನು ಒಬ್ಬ ಬದುಕಿದಾನೆ. ಅವನು ಹೇಳಿದ್ದನ್ನ ಊರೇ ಕೇಳ್ತು.”

“ನಾನು ನೋಡಿದ್ನಲ್ಲ.”

“ಏನು ನೋಡ್ದೆ? ನಿಮ್ಮಜ್ಜನ ಕೈ ಏಳ್ಲಿಲ್ಲ, ಅದನ್ನ ನೋಡ್ದೆ.”

ಅವಳ ಕಣ್ಣಲ್ಲಿ ನೀರು ಬಂತು. ಅದನ್ನು ಎಡಗೈಯಲ್ಲಿ ಒರೆಸಿಕೊಂಡಳು. “ಹಂಗಾದ್ರೆ ದೊಡ್ಡಜ್ಜ ಸರಿಯಾಗಿ ನಿಮ್ಮ ಎಡಗೈಗೇ ಯಾಕೆ ಎಸೆದ್ರು? ಅಷ್ಟು ಜನ ಇದ್ರು ಅಲ್ಲಿ.”

ಜೀಪು ಇಳಿಜಾರಿನಲ್ಲಿ ಗೇರು ಬದಲಿಸಿತು. ಪ್ರಸನ್ನ ನೋಯುವ ಭುಜವನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದ.

“ನೋಡಿ ಎಸೆದದ್ದಲ್ಲ ಮಗಾ ಅದು,” ಅಂದ. “ನೋಡಿದ್ರೆ ಎಸೀತಿರಲಿಲ್ಲ.”